ಅತ್ತೆ ಗವಿಗೆ ಬೆಂಕಿಯಿಟ್ಟ ದಿನ

ನನ್ನ ಗಂಡನ ತಾಯಿಯೇ ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ನಮ್ಮಲ್ಲಿ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಆದರೆ ನನ್ನನ್ನು ಕೊಟ್ಟದ್ದು ರೂಢಿಗೋಸ್ಕರ ಅಲ್ಲ, ಅಕ್ಕ ತಮ್ಮನ ಜಗಳ ನಿಲ್ಲಲಿ ಅಂತ. ಜಗಳ ನಿಲ್ಲಲಿಲ್ಲ. ನಾನು ಅದರ ನಡುವೆ ಹೋಗಿ ಸಿಕ್ಕಿಕೊಂಡೆ, ಅಷ್ಟೆ.

ಜಗಳ ಒಂದು ಗವಿಯದು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ಗಾಡಿದಾರಿಯ ಮಗ್ಗುಲಿಗೆ ಒಂದು ಕಲ್ಲುಗುಡ್ಡ ಇದೆ. ಈಚೆಗೆ ಅತ್ತೆಯ ಊರು, ಆಚೆಗೆ ನನ್ನ ತವರು. ಗುಡ್ಡದ ನೆತ್ತಿಯ ಹತ್ತಿರ ಎರಡು ಬಂಡೆಗಳು ಒಂದಕ್ಕೊಂದು ಒರಗಿಕೊಂಡಿರುವ ಕಡೆ ಗವಿಯ ಬಾಯಿ. ಬಗ್ಗಿಕೊಂಡು ನುಗ್ಗಬೇಕು, ಒಳಗೆ ಹೋದ ಮೇಲೆ ಆಳೆತ್ತರಕ್ಕೂ ಮೇಲೆ ಚಾವಣಿಯ ಹಾಗೆ ಕಲ್ಲಿನ ಮಾಡು. ಆ ಮಾಡಿನ ತುಂಬ ಬಾವಲಿಗಳು. ಹಣ್ಣು ತಿನ್ನುವ ದೊಡ್ಡ ಜಾತಿಯಲ್ಲ, ಹುಳ ತಿನ್ನುವ ಸಣ್ಣವು. ನಮ್ಮ ಕಡೆ ಕಣ್ಕಪ್ಪಡಿ ಅನ್ನುತ್ತಾರೆ. ಅವುಗಳ ಹಿಕ್ಕೆ ನೆಲದ ಮೇಲೆ ಬಿದ್ದು ಬಿದ್ದು, ಒಣಗಿ, ಕಾಲಿಟ್ಟರೆ ಹೂತುಹೋಗುವ ಹಾಗೆ ಕರೀ ಪುಡಿಯಾಗಿರುತ್ತಿತ್ತು. ಮೆಣಸಿನ ಗಿಡಕ್ಕೂ ವೀಳ್ಯದೆಲೆ ಹಂಬಿಗೂ ಅದಕ್ಕಿಂತ ಮೇಲಾದ ಗೊಬ್ಬರ ಇಲ್ಲ. ವರ್ಷಕ್ಕೊಂದು ಸಲ, ಮುಂಗಾರಿಗೆ ಮುಂಚೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಚಿ ತರುತ್ತಿದ್ದರು.

ಅತ್ತೆಯ ಮದುವೆಯಲ್ಲಿ ನನ್ನ ತಾತ, "ಗವಿ ಗೊಬ್ರ ನನ್ ಮಗಳ ಅರಿಸಿನ ಕುಂಕುಮಕ್ಕೆ" ಅಂದಿದ್ದನಂತೆ. ಅತ್ತೆ ಅದನ್ನು ಹಿಡಿದುಕೊಂಡಿದ್ದಳು. ಅಪ್ಪನ ವಾದ ಬೇರೆ: "ನಮ್ಮಪ್ಪ ಬದುಕಿರಾಗಂಟ ಅಂದಿದ್ದು ಅದು. ಅವನು ಓದ, ಮಾತೂ ಓಯ್ತು." ತಾತ ಸತ್ತ ವರ್ಷವೇ ಇಬ್ಬರೂ ಹಾಸನದ ಕೋರ್ಟಿಗೆ ಹೋಗಿದ್ದರು. ಊರಿನವರು ಸೇರಿ, ಹೆಣ್ಣು ಕೊಟ್ಟು ತಂದು ಮಾಡಿಕೊಂಡರೆ ಸರಿಹೋಗುತ್ತದೆ ಅಂತ ನನ್ನ ಮದುವೆ ಮಾಡಿಸಿದರು.

ಮದುವೆಯಾದ ಮೊದಲ ಬೇಸಗೆಯಲ್ಲೇ ಎರಡೂ ಮನೆಯವರು ಗವಿಯ ಮುಂದೆ ಎದುರುಬದುರಾದರು. ಮಾತಿಗೆ ಮಾತು ಬೆಳೆದು ನನ್ನ ಗಂಡ ಗುದ್ದಲಿಯ ಕಾವಿನಿಂದ ನನ್ನ ಅಣ್ಣನ ಹಣೆ ಒಡೆದರು. ಅವತ್ತು ನಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಇವರು ಬಂದು ಗುದ್ದಲಿಯನ್ನು ಗೋಡೆಗೆ ಆನಿಸಿ ಕೈ ತೊಳೆದರು. ಅತ್ತೆಯೇ ಹೇಳಿದಳು, "ನಿಮ್ಮಣ್ಣನ ತಲೆ ಒಡೀತು. ಅಳಂಗಿದ್ರೆ ಇತ್ಲಿಗೆ ಓಗಿ ಅಳು. ಅಂಗಳದಲ್ಲಿ ಬ್ಯಾಡ." ನಾನು ಅಳಲಿಲ್ಲ. ಅತ್ತೆಯ ಮುಂದೆ ಅಳಬಾರದು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಅಲ್ಲಿಂದಾಚೆಗೆ ತವರಿನ ದಾರಿ ಮುಚ್ಚಿತು. ಮೊದಲ ಹೆರಿಗೆಗೂ ಕಳಿಸಲಿಲ್ಲ. ನೋವು ತಿನ್ನುವಾಗ "ಅವ್ವಾ" ಅಂತ ಕೂಗಿಕೊಂಡೆ. ಅತ್ತೆ ನನ್ನ ಮಂಡಿ ಹಿಡಿದುಕೊಂಡು, "ಅವ್ಳು ಗುಡ್ಡದಾಚೆ ಅವ್ಳೆ, ಕೇಳಾಕಿಲ್ಲ. ನೀನು ತಿಣುಕು" ಅಂದಳು. ಮಗುವನ್ನು ಎತ್ತಿದ್ದು ಅವಳ ಕೈಯೇ. ಬಿಸಿನೀರು ಹುಯ್ದದ್ದು, ಬೆಳ್ಳುಳ್ಳಿ ಸಾರು ಕುಡಿಸಿದ್ದು, ಹೊಟ್ಟೆಗೆ ಬಟ್ಟೆ ಬಿಗಿದದ್ದು ಎಲ್ಲ ಅವಳೇ. ಒಂದು ದಿನವೂ ನನ್ನ ಮುಖ ನೋಡಿ ನಗಲಿಲ್ಲ. ನನ್ನ ಮುಖದಲ್ಲಿ ಅವಳಿಗೆ ಅವಳ ತಮ್ಮ ಕಾಣುತ್ತಿದ್ದನೋ ಏನೋ. ನಮ್ಮಪ್ಪನ ಮೂಗೇ ನನಗೂ ಬಂದಿತ್ತು. ಅವಳಿಗೂ ಅದೇ ಮೂಗು.

ಯುದ್ಧದ ಕಾಲ ಅದು. ಸೀಮೆಎಣ್ಣೆ, ಪೆಟ್ರೋಲು ಎರಡೂ ಸಿಗುತ್ತಿರಲಿಲ್ಲ. ಹಾಸನದಿಂದ ಬರುವ ಬಸ್ಸು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಏರು ಬಂದರೆ ಜನ ಇಳಿದು ತಳ್ಳಬೇಕು. ಆ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಗಾಡಿ ಮಾಡಿಕೊಂಡು ಒಬ್ಬರು ನಮ್ಮ ಮನೆಯ ಮುಂದೆ ಇಳಿದರು. ತೆಳ್ಳನೆ ಆಳು, ಮುಖಕ್ಕೆಲ್ಲ ಮಸಿ, ಕಾಲಿಗೆ ಬೂಟು. ದೊಡ್ಡ ಊರಿನ ಕಾಲೇಜಿನಲ್ಲಿ ಪ್ರಾಣಿಗಳ ವಿಷಯ ಪಾಠ ಹೇಳುವ ಮೇಷ್ಟ್ರಂತೆ. ಗವಿ ನೋಡಬೇಕು ಅಂದರು.

ಅತ್ತೆ ಕಂಬ ಒರಗಿ ನಿಂತು ಕೇಳಿದಳು, "ಕೋಲ್ಟಿನೋರಾ?"

"ಅಲ್ಲಮ್ಮ. ನನಗೆ ಬಾವಲಿ ನೋಡಬೇಕು."

"ಬಾವ್ಲೀನಾ? ಬಾವ್ಲಿ ನೋಡಾಕೆ ಯಾವೋನಾದ್ರೂ ಹಾಸನದಿಂದ ಬತ್ತಾನಾ? ನನ್ ತಮ್ಮ ಕಳಿಸಿದ್ನಾ ನಿಮ್ಮನ್ನ? ಗವಿ ಅಳತೆ ಮಾಡಾಕೆ?"

ಮೇಷ್ಟ್ರಿಗೆ ರೇಗಿತು. "ನಿಮ್ಮ ತಮ್ಮ ಯಾರು ಅಂತಲೇ ನನಗೆ ಗೊತ್ತಿಲ್ಲ. ತೋರಿಸೋದಾದರೆ ತೋರಿಸಿ, ಇಲ್ಲದಿದ್ದರೆ ನಾನೇ ಹುಡುಕಿಕೊಳ್ತೀನಿ" ಅಂದರು. ಅವರ ಮಾತೇ ಹಾಗೆ. ಹಳ್ಳಿಯವರ ಜೊತೆ ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ತಲೆಯ ಮೇಲೆ ಇನ್ನೆಲ್ಲೋ ನೋಡುತ್ತಿದ್ದರು. ಅತ್ತೆ ನನ್ನ ಗಂಡನನ್ನು ಜೊತೆಗೆ ಕಳಿಸಿದಳು, ಮರ್ಯಾದೆಗಲ್ಲ, ಕಾವಲಿಗೆ.

ಸಂಜೆ ಬಂದವರು ಬಟ್ಟೆಯ ಚೀಲದಿಂದ ಒಂದೊಂದೇ ಬಾವಲಿ ತೆಗೆದು, ಜಗಲಿಯ ಮೇಲೆ ರೆಕ್ಕೆ ಬಿಡಿಸಿ, ಹಿತ್ತಾಳೆಯ ಕೈವಾರದಲ್ಲಿ ಅಳೆಯತೊಡಗಿದರು. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಾಗಿಲ ಸಂದಿಯಿಂದ ನೋಡಿದೆ. ಹುಟ್ಟಿದಂದಿನಿಂದ ಆ ಗುಡ್ಡದ ಕೆಳಗೇ ಇದ್ದವಳು. ಬಾವಲಿಯ ಮುಖವನ್ನು ಅವತ್ತೇ ಮೊದಲು ನೋಡಿದ್ದು. ಮೂಗಿನ ಮೇಲೆ ಎಲೆ ಮಡಿಸಿಟ್ಟ ಹಾಗೆ ತೊಗಲು, ಅದರೊಳಗೆ ಇನ್ನೊಂದು ಪುಟ್ಟ ಎಲೆ. ಕಿವಿ ಮುಖಕ್ಕಿಂತ ಅಗಲ. ಹೊಟ್ಟೆಯ ಕೂದಲು ಬೂದಿಯ ಬಣ್ಣ, ಬೆನ್ನು ತುಸು ಕೆಂಪು. ಅಳೆದದ್ದನ್ನೇ ಮೇಷ್ಟ್ರು ಮತ್ತೆ ಮತ್ತೆ ಅಳೆದರು.

"ಇದು ಯಾವ ಪುಸ್ತಕದಲ್ಲೂ ಇಲ್ಲ" ಅಂದರು. "ಇಂಥ ಜಾತಿಯನ್ನು ಇದುವರೆಗೆ ಯಾರೂ ಕಂಡೇ ಇಲ್ಲ. ಸುತ್ತಮುತ್ತ ಎಲ್ಲ ಗವಿ ಹೊಕ್ಕು ನೋಡಿದೀನಿ. ಇದೊಂದೇ ಕಡೆ ಇರೋದು."

ಅತ್ತೆ ತಟಕ್ಕನೆ, "ಅಂಗಾದ್ರೆ ನಮ್ಮನೇದು ಅಂತ ಬರ್ಕೊಳಿ. ಕೋಲ್ಟಿಗೆ ಬೇಕಾಯ್ತದೆ" ಅಂದಳು.

ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. ಆ ನಗು ಅತ್ತೆಗೆ ಹತ್ತಿದ್ದನ್ನು ನಾನು ನೋಡಿದೆ. ಅವಳು ಸೆರಗು ಸಿಗಿಸಿಕೊಂಡು ಒಳಕ್ಕೆ ಹೋದಳು. ರಾತ್ರಿಯ ಊಟಕ್ಕೆ ಅವರಿಗೆ ಮುದ್ದೆ ಬಡಿಸಿದಳು, ತುಪ್ಪ ಬಿಡಲಿಲ್ಲ.

ಮಾರನೆಯ ದಿನ ಅವರು ಗುಡ್ಡ ದಾಟಿ ನನ್ನ ತವರಿಗೂ ಹೋದರು. ಅಪ್ಪನೂ ಅದೇ ಕೇಳಿದನಂತೆ, ನಮ್ಮೂರ ಬಾವಲಿ ಅಂತ ಬರೆದುಕೊಳ್ಳಿ ಅಂತ. ಇದನ್ನು ಮೇಷ್ಟ್ರು ನಮ್ಮ ಜಗಲಿಯ ಮೇಲೆ ಕೂತು ತಮಾಷೆಯಾಗಿ ಹೇಳಿದರು. ಅತ್ತೆಯ ಮಾತನ್ನು ಅಲ್ಲಿಯೂ ಹಾಗೇ ಹೇಳಿದ್ದರಂತೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಹೊಳೆನರಸೀಪುರದ ಮುಸಾಫರಖಾನೆಯಿಂದ ಗಾಡಿಯಲ್ಲಿ ಬಂದು ಹೋಗಿ ಮಾಡುತ್ತ, ಎರಡು ಮನೆಯ ಬೆಂಕಿಗೂ ಗಾಳಿ ಹಾಕಿದರು. ಅವರಿಗದು ಗೊತ್ತೇ ಆಗಲಿಲ್ಲ. ಅವರ ಧ್ಯಾನವೆಲ್ಲ ಗವಿಯೊಳಗೆ.

ಗೊಬ್ಬರ ಬಾಚುವ ಕಾಲ ಹತ್ತಿರ ಬಂತು. ಮೇಷ್ಟ್ರು ಬಂದು, "ಈ ಸಲ ಗೊಬ್ಬರ ತೆಗೀಬೇಡಿ. ಹೆಣ್ಣುಗಳೆಲ್ಲ ಮರಿ ಹಾಕಿವೆ. ಮರಿ ತಾಯಿಯ ಹೊಟ್ಟೆಗೆ ಕಚ್ಚಿಕೊಂಡಿರುತ್ತೆ. ಗಲಾಟೆ ಮಾಡಿದರೆ ಗವಿ ಬಿಟ್ಟು ಹೋಗ್ತವೆ" ಅಂದರು.

"ನಾವು ತೆಗ್ಯದಿದ್ರೆ ಅವನು ತೆಗೀತಾನೆ."

"ಅವರಿಗೂ ಹೇಳಿದೀನಿ."

"ಅವನು ಊ ಅಂದಿರ್ತಾನೆ. ನಾನು ಸುಮ್ಕಿದ್ರೆ ಬಾಚ್ಕೊಂಡು ಓಯ್ತಾನೆ. ಎಷ್ಟು ಕೊಟ್ಟವ್ನೆ ನಿಮ್ಗೆ?"

ಮೇಷ್ಟ್ರು ಎದ್ದು ನಿಂತರು. ಮುಖ ಕೆಂಪಗಾಗಿತ್ತು. "ನಿಮ್ಮ ತಮ್ಮನೂ ಇದೇ ಕೇಳಿದ! ನೀವು ಎಷ್ಟು ಕೊಟ್ಟಿರಿ ಅಂತ! ಕೇಳಿ, ಆ ಗವಿ ನಿಮ್ಮದೂ ಅಲ್ಲ, ಅವನದೂ ಅಲ್ಲ. ತಾಲ್ಲೂಕಿನ ಅಮಲ್ದಾರರಿಗೆ ಹೇಳಿ ಅದಕ್ಕೆ ಕಬ್ಬಿಣದ ಬಾಗಿಲು ಇಡಿಸಿ ಬೀಗ ಜಡಿಸ್ತೀನಿ. ಆಮೇಲೆ ಇಬ್ಬರೂ ಹೊರಗೆ ನಿಂತುಕೊಂಡು ಬಡಿದಾಡಿ."

ಬೂಟು ಸದ್ದು ಮಾಡುತ್ತ ಅಂಗಳ ದಾಟಿ ಹೋದರು. ಅತ್ತೆ ಸೀದಾ ಹಿತ್ತಲಿಗೆ ಹೋದಳು.

ಮರುದಿನ ಬೆಳಗ್ಗೆ ಹಿತ್ತಲಲ್ಲಿ ಒಣಗಿದ ಮೆಣಸಿನ ಕಡ್ಡಿಯನ್ನು ಕಂತೆ ಕಟ್ಟುತ್ತಿದ್ದರು. ಬಣವೆಯಿಂದ ಹುಲ್ಲು ಇಳಿಸಿದ್ದರು. ಅತ್ತೆ, ನನ್ನ ಗಂಡ, ಇಬ್ಬರು ಆಳುಗಳು. ಏನಕ್ಕೆ ಅಂತ ಕೇಳಿದೆ.

"ಹೊಗೆ ಆಕಾಕೆ" ಅಂದಳು ಅತ್ತೆ. "ಬಾವ್ಲಿ ಇದ್ರೆ ತಾನೇ ಬೀಗ ಆಕೋದು? ಒಂದೂ ಇರಬಾರ್ದು ಇವತ್ತಿಗೆ. ಒಂದ್ ಕಂತೆ ಎತ್ಕೊ."

"ನಾ ಎತ್ಕಳಾಕಿಲ್ಲ ಅತ್ತೆ. ಮರಿ ಕಟ್ಕೊಂಡಿರೋ ಜೀವಗಳು, ಬ್ಯಾಡ."

"ನಿಮ್ಮಪ್ಪನ ಬಾಯಲ್ಲಿ ಮಾತಾಡ್ಬ್ಯಾಡ ಕಣೇ."

"ನನ್ ಬಾಯಲ್ಲೇ ಮಾತಾಡ್ತಾ ಇವ್ನಿ."

ಅವಳು ನನ್ನನ್ನು ಒಂದು ಸಲ ನೋಡಿ, ಕಂತೆಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಹೊರಟಳು. ನನ್ನ ಗಂಡ ನನ್ನ ಕಡೆ ನೋಡದೆ ಹಿಂದೆ ಹೋದರು. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಹತ್ತಿದೆ. ಬಿಸಿಲು ಏರಿ, ಬಂಡೆ ಅಂಗಾಲು ಸುಡುತ್ತಿತ್ತು.

ನಾನು ಮೇಲೆ ಹೋಗುವ ಹೊತ್ತಿಗೆ ಹುಲ್ಲು ಹೊತ್ತಿತ್ತು. ಮೆಣಸಿನ ಕಡ್ಡಿಯ ಘಾಟು ದೂರದಿಂದಲೇ ಗಂಟಲು ಹಿಡಿಯಿತು. ಗಾಳಿ ಹೊಗೆಯನ್ನು ಗವಿಯೊಳಕ್ಕೇ ತಳ್ಳುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾವಲಿಗಳು ಬಂದವು. ಒಂದು ಎರಡು ಅಲ್ಲ, ಗವಿಯೇ ಕಾರಿಕೊಂಡ ಹಾಗೆ. ನಡುಹಗಲ ಬಿಸಿಲಿಗೆ ದಿಕ್ಕು ತಪ್ಪಿ ಬಂಡೆಗೆ ಬಡಿದುಕೊಂಡವು, ನಮ್ಮ ಮೈಗೆ ಬಡಿದವು, ಕಾರೆಮುಳ್ಳಿನ ಪೊದೆಗೆ ಸಿಕ್ಕಿಕೊಂಡು ರೆಕ್ಕೆ ಹರಿದುಕೊಂಡವು. ಕಾಗೆಗಳು ಎಲ್ಲಿದ್ದವೋ, ಹದ್ದುಗಳು ಎಲ್ಲಿದ್ದವೋ, ಅಷ್ಟೂ ಬಂದು ಗಾಳಿಯಲ್ಲೇ ಎತ್ತಿಕೊಂಡು ಹೋದವು. ಮರಿ ಸಮೇತ ಎತ್ತಿಕೊಂಡು ಹೋದವು.

ಹೊಗೆ ಕಂಡು ಆ ಮಗ್ಗುಲಿಂದ ಅಪ್ಪ ಓಡಿ ಬಂದ. ಅಣ್ಣನೂ ಆಳುಗಳೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಹಿಂದೆ ಬಂದರು. ಅಣ್ಣನ ಹಣೆಯ ಮೇಲೆ ಗಾಯದ ಗೆರೆ ಇತ್ತು. ಅಪ್ಪ ನನ್ನನ್ನು ನೋಡಿದ, ನನ್ನ ಬೆನ್ನಿನ ಮೇಲಿದ್ದ ಮೊಮ್ಮಗುವನ್ನು ಮೊದಲ ಸಲ ನೋಡಿದ, ಆದರೆ ನಿಲ್ಲಲಿಲ್ಲ. ಸೀದಾ ಅತ್ತೆಯ ಮುಂದೆ ಹೋದ. ವರ್ಷಗಟ್ಟಲೆ ಮಾತು ಬಿಟ್ಟವರು.

"ಅಪ್ಪನ ಗವಿ ಉರಿಸ್ಬುಟ್ಟಲ್ಲೇ, ಪಾಪಿ!"

"ಉರೀಲಿ. ನಂಗಿಲ್ದೇ ಇದ್ದದ್ದು ನಿಂಗೂ ಬ್ಯಾಡ. ಆ ಬೂಟಿನೋನಿಗೂ ಬ್ಯಾಡ."

"ಬೂಟಿನೋನು ಏನಂದ?"

"ಬಾಗಿಲಿಡಿಸಿ ಬೀಗ ಆಕಿಸ್ತಾನಂತೆ. ಅಮಲ್ದಾರ್ರಿಗೆ ಏಳ್ತಾನಂತೆ. ನಿಂಗೇಳಿಲ್ವಾ?"

ಅಪ್ಪ ಉಸಿರು ಬಿಡುತ್ತ ನಿಂತ. "ನಂಗೂ ಅಂದ" ಅಂದ ನಿಧಾನಕ್ಕೆ. ಕೊಂಬೆಯಿಂದ ಬೆಂಕಿ ಬಡಿಯಲು ಹೋದ ಅಣ್ಣನನ್ನು ರಟ್ಟೆ ಹಿಡಿದು ಎಳೆದ. "ಬುಡ್ಲಾ. ಉರೀಲಿ ಬುಡು."

ನಾನು ಕಣ್ಣಾರೆ ಕಂಡ ಹಾಗೆ ಆ ಅಕ್ಕ ತಮ್ಮ ಒಂದಾಗಿ ಮಾಡಿದ ಕೆಲಸ ಅದೊಂದೇ. ಗವಿಯ ಬಾಯಿಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಕಣ್ಣಲ್ಲಿ ನೀರು ಸುರಿಸುತ್ತ, ಕೆಮ್ಮುತ್ತ, ನೋಡುತ್ತಿದ್ದರು. ಆಮೇಲೆ ಒಳಗಿಂದ ಬೇರೆ ಥರದ ಹೊಗೆ ಬಂತು, ಹಳದಿಯಾಗಿ, ದಪ್ಪವಾಗಿ. ಗೊಬ್ಬರಕ್ಕೇ ಬೆಂಕಿ ಹತ್ತಿಕೊಂಡಿತ್ತು. ಯಾವುದಕ್ಕೋಸ್ಕರ ಕೋರ್ಟು ಹತ್ತಿದ್ದರೋ, ತಲೆ ಒಡೆದಿದ್ದರೋ, ಅದೂ ಹೋಯಿತು.

ಮೇಷ್ಟ್ರು ಬಂದದ್ದು ಆಗ. ದಾರಿಯಲ್ಲಿ ಹೊಗೆ ಕಂಡು ಗಾಡಿಯಿಂದ ಹಾರಿ ಓಡಿಬಂದಿದ್ದರು. ಒಂದು ಸಲ ಗವಿ ನೋಡಿದರು, ಒಂದು ಸಲ ಆಕಾಶ ನೋಡಿದರು. "ಮೃಗಗಳು! ಮೃಗಗಳು ನೀವು!" ಅಂತ ಕಿರುಚಿದರು. ನಮ್ಮ ಆಳು ಒಬ್ಬ ನಕ್ಕ. ಅಪ್ಪನ ಕಡೆಯ ಆಳು ಮಣ್ಣಿನ ಹೆಂಟೆ ಎತ್ತಿ ಎಸೆದ. ಅದು ಅವರ ಬೆನ್ನಿಗೆ ಬಿದ್ದು ಪುಡಿಯಾಯಿತು. ಅವರು ತಿರುಗಿ ನೋಡಲಿಲ್ಲ. ಅಂಗಿ ಬಿಚ್ಚಿ ಅದರಲ್ಲಿ ಸತ್ತ ಬಾವಲಿಗಳನ್ನು ಆರಿಸಿ ಹಾಕಿಕೊಳ್ಳತೊಡಗಿದರು.

ಪೊದೆಯೊಂದರಲ್ಲಿ ಒಂದು ತಾಯಿ ಬಾವಲಿ ತಲೆಕೆಳಗಾಗಿ ಒದ್ದಾಡುತ್ತಿತ್ತು. ಹೊಟ್ಟೆಗೆ ಕೂದಲಿಲ್ಲದ ಕೆಂಪು ಮರಿ ಕಚ್ಚಿಕೊಂಡಿತ್ತು. ಮೇಲೆ ಕಾಗೆ ಸುತ್ತುತ್ತಿತ್ತು. ನಾನು ಕೈ ಹಾಕಿ ಮುಳ್ಳು ಬಿಡಿಸಿದೆ. ಅದು ನನ್ನ ಹೆಬ್ಬೆರಳ ಬುಡಕ್ಕೆ ಕಚ್ಚಿತು. ಸೂಜಿ ಚುಚ್ಚಿದ ಹಾಗೆ, ಬಿಡಲೇ ಇಲ್ಲ. ಸೆರಗಿನಲ್ಲಿ ಸುತ್ತಿ ನೆರಳಿಗೆ ತಂದೆ. ಅದರ ಎದೆ ಸೆರಗಿನೊಳಗೆ ಬಡಿದುಕೊಳ್ಳುವುದು ಕೈಗೆ ಗೊತ್ತಾಗುತ್ತಿತ್ತು. ಎಲ್ಲಿ ಬಿಡುವುದು? ಅದಕ್ಕೆ ಮನೆಯಿಲ್ಲ. ಇದನ್ನೆಲ್ಲ ತಿಳಿದವರು ಇವರು, ಬದುಕಿಸುತ್ತಾರೆ ಅಂದುಕೊಂಡು ಮೇಷ್ಟ್ರ ಹತ್ತಿರ ಒಯ್ದೆ.

"ಜೀವ ಅದೆ ಸಾ. ಮರೀನೂ ಅದೆ."

ಅವರ ಮುಖ ಅರಳಿತು. "ಭೇಷ್" ಅಂದರು. ಚೀಲದಿಂದ ಅಗಲ ಬಾಯಿಯ ಗಾಜಿನ ಶೀಷೆ ತೆಗೆದರು. ಒಳಗೆ ನೀರಿನ ಹಾಗೆ ಏನೋ ಇತ್ತು, ಸಾರಾಯಿಯ ವಾಸನೆ. ನನ್ನ ಸೆರಗಿನಿಂದ ಬಾವಲಿಯನ್ನು ಎರಡು ಬೆರಳಲ್ಲಿ ಎತ್ತಿ, ಮರಿ ಸಮೇತ, ಅದರೊಳಕ್ಕೆ ಹಾಕಿ ಬಿರಟೆ ಒತ್ತಿದರು. ಅದು ರೆಕ್ಕೆ ಬಿಚ್ಚಲು ನೋಡಿತು, ಶೀಷೆಯಲ್ಲಿ ಜಾಗವಿರಲಿಲ್ಲ.

ನಾನು ಏನೋ ಕೂಗಿದೆ. ಏನೆಂದು ಈಗ ನೆನಪಿಲ್ಲ. ಬೆನ್ನಿನ ಮಗು ಬೆಚ್ಚಿ ಅಳತೊಡಗಿತು. ಮೇಷ್ಟ್ರು ಆಶ್ಚರ್ಯದಿಂದ ನನ್ನನ್ನು ನೋಡಿದರು. "ಒಂದಾದರೂ ಹಾಳಾಗದೆ ಇರೋದು ಸಿಗಬೇಕಲ್ಲಮ್ಮ" ಅಂದರು. ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಬೆಂಕಿ ಹಾಕಿದ ಅತ್ತೆಯ ಮೇಲೆ ಬಾರದಷ್ಟು ಸಿಟ್ಟು ಅವರ ಮೇಲೆ ಬಂತು. ಅತ್ತೆ ಹೊಗೆ ಹಾಕುತ್ತೀನಿ ಅಂದಳು, ಹಾಕಿದಳು. ನಮ್ಮನ್ನೆಲ್ಲ ಮೃಗ ಅಂದ ಇವರ ಬಾಯಿ ಇನ್ನೂ ಆರಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಕೈ ಹಿಡಿದು ಎಳೆದು, ಕಚ್ಚಿದ ಜಾಗವನ್ನು ಹಿಂಡಿ ರಕ್ತ ಬಿಟ್ಟು, ಸುಣ್ಣ ಅರಿಸಿನ ಕಲಸಿ ಒತ್ತಿ ಕಟ್ಟಿದಳು. ಕಟ್ಟುತ್ತಲೇ ಬೈದಳು. "ಅವನ್ಗೆ ಇಡ್ದು ಕೊಟ್ಯಲ್ಲಾ, ನಮ್ಮನೆ ಅನ್ನ ತಿಂದು. ನಾಳೆ ಅಮಲ್ದಾರ್ರು ಬಂದ್ರೆ ನೀನೇ ಸಾಕ್ಷಿ ಏಳ್ತೀಯ."

"ಊ, ಏಳ್ತೀನಿ" ಅಂದೆ.

ಅವಳು ಗಂಟು ಬಿಗಿದು ಎದ್ದಳು. "ಏಳಂಗಿದ್ರೆ ಈ ಮನೇಲಿ ಇರ್ಬ್ಯಾಡ."

"ಇರಾಕಿಲ್ಲ" ಅಂದೆ.

ಅಮಲ್ದಾರರು ಬರಲಿಲ್ಲ. ಬರುವುದಕ್ಕೆ ಅಲ್ಲಿ ಏನು ಉಳಿದಿತ್ತು? ಗವಿ ಒಳಗೊಳಗೇ ಹೊಗೆಯಾಡುತ್ತ ಮಳೆ ಬರುವವರೆಗೂ ಹಾಗೇ ಇತ್ತು. ನಾನು ಮಾತ್ರ ಆಡಿದ್ದನ್ನು ಆಡಿದ ಹಾಗೇ ಮಾಡಿದೆ. ತವರಿಗೆ ಹೋಗುವ ಮನಸ್ಸಿರಲಿಲ್ಲ; ಅಪ್ಪ "ಉರೀಲಿ ಬುಡು" ಅಂದದ್ದು ಕಿವಿಯಲ್ಲಿತ್ತು. ಗಂಡನಿಗೆ ಹೇಳಿದೆ, "ಈ ಗುಡ್ಡದ ಯಾವ ಮಗ್ಗುಲಲ್ಲೂ ನಾ ಇರಾಕಿಲ್ಲ. ಮಗೀನ ಎತ್ಕೊಂಡು ಓಯ್ತೀನಿ. ನೀವು ಬರಂಗಿದ್ರೆ ಬನ್ನಿ."

ಅವರು ಎರಡು ದಿನ ಎಂದಿನ ಹಾಗೆ ಹೊಲಕ್ಕೆ ಹೋಗಿ ಬಂದರು. ಮೂರನೆಯ ದಿನ ಗಾಡಿ ಹೂಡಿದರು. ಅತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಗಾಡಿ ಹೊರಡುವಾಗಲೂ ತಲೆ ಎತ್ತಲಿಲ್ಲ.

ಶಾಂತಿಗ್ರಾಮದಲ್ಲಿ ರಸ್ತೆಯ ಪಕ್ಕ ಒಂದು ಬಾಡಿಗೆ ಮನೆ ಹಿಡಿದೆವು. ಇವರು ಚನ್ನರಾಯಪಟ್ಟಣದ ಕಡೆಯ ತೋಟಗಳಲ್ಲಿ ತೆಂಗಿನಕಾಯಿ ಕೊಂಡು ಹಾಸನದ ಸಂತೆಗೆ ಗಾಡಿಯಲ್ಲಿ ಹೊಡೆಯುತ್ತಿದ್ದರು. ಕಷ್ಟವಿತ್ತು, ಆದರೆ ಬೆಳಗ್ಗೆ ಎದ್ದರೆ ಯಾರ ಮುಖವನ್ನೂ ಅಳೆದು ನೋಡಬೇಕಾಗಿರಲಿಲ್ಲ. ಒಂದು ದಿನ ಅಣ್ಣ ಬಂದ. ಇವರೂ ಅವನೂ ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದು, ಆಮೇಲೆ ಕಾಯಿ ಧಾರಣೆಯ ಮಾತು ತೆಗೆದರು. ಅಷ್ಟರಲ್ಲೇ ಸರಿಹೋಯಿತು, ಅಥವಾ ಸರಿಹೋದ ಹಾಗೆ ಇಬ್ಬರೂ ನಡೆದುಕೊಂಡರು. ಅಕ್ಕ ತಮ್ಮನ ಕೇಸು ಮಾತ್ರ ನಡೆಯುತ್ತಲೇ ಇತ್ತು. ಬಾವಲಿಯೂ ಇಲ್ಲ, ಗೊಬ್ಬರವೂ ಇಲ್ಲ, ಮಸಿ ಹಿಡಿದ ಕಲ್ಲಿಗೋಸ್ಕರ ಇಬ್ಬರೂ ಒಂದೇ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ, ಒಂದೇ ಬಸ್ಸಿನಲ್ಲಿ, ಮುಂದೊಬ್ಬರು ಹಿಂದೊಬ್ಬರು ಕೂತು, ವಾಪಸು ಬರುತ್ತಿದ್ದರು. ಅಪ್ಪ ಸತ್ತಾಗ ಅತ್ತೆ ಮಣ್ಣಿಗೆ ಬರಲಿಲ್ಲ. ಕೇಸು ಅಲ್ಲಿಗೆ ನಿಂತಿತು.

ಯುದ್ಧ ಮುಗಿದ ಮೇಲೆ ಒಂದು ಬೇಸಗೆ. ಹಾಸನಕ್ಕೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆ ಕೆಟ್ಟು ನಿಂತಿತು. ಜನ ಇಳಿದು ನೀರು ಕೇಳಿಕೊಂಡು ಬಂದರು. ಅವರಲ್ಲಿ ಮೇಷ್ಟ್ರೂ ಇದ್ದರು. ಕೂದಲು ನರೆತಿತ್ತು. ನಾನು ಗುರುತು ಹಿಡಿದೆ. ಚೊಂಬು ಕೊಡುವಾಗ ಅವರೂ ಹಿಡಿದರು.

"ನೀವಾ!" ಅಂದರು. ಖುಷಿಯಾಗಿದ್ದರು. "ಅದು ಹೊಸ ಜಾತಿ ಅಂತ ಒಪ್ಪಿದರಮ್ಮ. ಅಚ್ಚಾಗಿದೆ. ನಿಮ್ಮ ಗುಡ್ಡದ ಮೇಲೇ ಹೆಸರಿಟ್ಟಿದೀನಿ. ಲೋಕದಲ್ಲಿ ಯಾರೇ ಆ ಜಾತಿ ಗುರುತಿಸಬೇಕಾದರೂ ನೀವು ತಂದುಕೊಟ್ಟಿರಲ್ಲ, ಆ ಒಂದನ್ನ ನೋಡಿಯೇ ಗುರುತಿಸಬೇಕು. ಅಷ್ಟು ಚೆನ್ನಾಗಿ ಉಳಿದಿದೆ."

"ಮರಿ?" ಅಂದೆ.

"ಅದು ಬೇರೆ ಶೀಷೆಯಲ್ಲಿದೆ."

ಅವರು ನೀರು ಕುಡಿದು ಬಾಯಿ ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದರು, "ಆ ಗವಿಗೆ ಮತ್ತೆ ಬಂದಿವೆಯಾ? ಏನಾದರೂ ಕೇಳಿದೀರಾ? ಒಂದು ಹತ್ತು ಸಿಕ್ಕಿದರೂ ಸಾಕಾಗಿತ್ತು."

ಹಿಂದಿನ ವಾರವೇ ಅಣ್ಣ ಬಂದು ಹೇಳಿ ಹೋಗಿದ್ದ. ಕಳೆದುಹೋದ ಮೇಕೆ ಹುಡುಕುತ್ತ ಗವಿಯೊಳಗೆ ಬಗ್ಗಿದಾಗ, ಮೂಲೆಯ ಮಾಡಿನಲ್ಲಿ ಒಂದು ಹಿಡಿಯಷ್ಟು ನೇತಾಡುತ್ತಿದ್ದವಂತೆ.

"ಇಲ್ಲ ಸಾ" ಅಂದೆ. "ಒಂದೂ ಇಲ್ಲ."

ಚೊಂಬು ಇಸಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡೆ.